ತೆಳುವಾಗಿ ನೇಯ್ದ ಅಂತರಪಟ

"ಅಜ್ಜಾರ, ಒಂದ ಬೇರಿನಿಂದ ದೇವರೂ ದೆವ್ವನೂ ಎರಡೂ ಹ್ಯಾಂಗ ಹುಟ್ಟತಾವ್ರಿ?"

ಹೀಗೆ ಕೇಳಿದವನು ನಿರುಪಾದಿ. ಮಠದ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಇಂಗ್ಲಿಷ್ ಕಲಿಸುವ ಮಾಸ್ತರ. ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದವರು ಅಡವಯ್ಯಜ್ಜ. ಮಠಕ್ಕೆ ಹಿರಿಯರು, ನಿರುಪಾದಿಗೆ ಗುರುಗಳು. ಯಾರೇ ಪ್ರಶ್ನೆ ಕೇಳಲಿ, ಮೊದಲು ಅವರ ಕೈಗೆ ನಾಲ್ಕು ಶೇಂಗಾ ಹಾಕಿ ಬಾಯಿ ಕಟ್ಟುವುದು ಅಜ್ಜನ ರೂಢಿ. ಹಾಕಿದರು. ನಿರುಪಾದಿ ತಿನ್ನದೆ ಕೈಯಲ್ಲೇ ಹಿಡಿದು ಕೂತ.

"ಎಂಥಾ ಬೇರದು?" ಎಂದರು ಅಜ್ಜ.

ನಿರುಪಾದಿ ಹೇಳಿದ. ಗ್ರೀಕರದೊಂದು ಮಾತು, ಕಾಣಿಸು ಅಂತ ಅದರ ಅರ್ಥ. ಆ ಒಂದು ಬೇರಿನಿಂದ ಇಂಗ್ಲಿಷಿನಲ್ಲಿ ಹತ್ತಾರು ಮಾತು ಚಿಗುರಿವೆ. ಕಣ್ಣಿಗೆ ಕಾಣುವುದೆಲ್ಲ ಫಿನಾಮಿನನ್. ಇಲ್ಲದ್ದನ್ನು ಮನಸ್ಸಿನಲ್ಲಿ ಕಂಡರೆ ಫ್ಯಾಂಟಸಿ. ದೇವರು ಮೈದೋರಿದರೆ ಎಪಿಫನಿ. ಸತ್ತವರು ಮೈದೋರಿದರೆ ಫ್ಯಾಂಟಮ್. ಆಚೆಯದು ಈಚೆಗೆ ಕಾಣುವಂಥ ತೆಳು ಬಟ್ಟೆಗೆ ಡಯಾಫನಸ್ ಎನ್ನುತ್ತಾರೆ. ಇದನ್ನೆಲ್ಲ ಒಂದು ಗಿಡದ ಹಾಗೆ ಹಲಗೆಯ ಮೇಲೆ ಬರೆದು ಅವನು ಬೀಗುತ್ತ ನಿಂತಿದ್ದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಸರ್, ಕಂಡಿದ್ದು ದೇವರೋ ದೆವ್ವವೋ ಅಂತ ಕಂಡವರಿಗೆ ಹೇಗೆ ಗೊತ್ತಾಗುತ್ತದೆ ಎಂದಳು. ನಿರುಪಾದಿ ಗಂಟೆ ಹೊಡೆಯಿತು ಎಂದು ಹೇಳಿ ಹೊರಗೆ ಬಂದುಬಿಟ್ಟ. ಗಂಟೆ ಹೊಡೆದಿರಲಿಲ್ಲ.

ಹುಡುಗಿಯ ಪ್ರಶ್ನೆ ಅವನನ್ನು ಅಷ್ಟು ಚುಚ್ಚುವುದಕ್ಕೆ ಬೇರೆ ಕಾರಣವಿತ್ತು. ಅದನ್ನೂ ಹೇಳಿದ. ಮೂರು ತಿಂಗಳಿಂದ ಬೆಳಗಿನ ಧ್ಯಾನಕ್ಕೆ ಕೂತರೆ ಕಣ್ಣೊಳಗೆ ಒಂದು ಬೆಳಕು ಕಾಣುತ್ತಿದೆ. ಅದು ತನ್ನನ್ನು ಕರೆಯುತ್ತಿದೆ ಅನಿಸುತ್ತದೆ. ನೌಕರಿಗೆ ರಾಜೀನಾಮೆ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದಾನೆ. ಮನೆ ಬಿಟ್ಟು ಮಠಕ್ಕೇ ಬಂದುಬಿಡುತ್ತೇನೆ ಎಂದು ಹೆಂಡತಿ ನೀಲಮ್ಮನಿಗೆ ಹೇಳಿಯೂ ಆಗಿದೆ. ಅವಳು ಎದ್ದು ಮಕ್ಕಳಿಗೆ ಊಟಕ್ಕೆ ಬಡಿಸಿದಳು. ಈಗ ನೋಡಿದರೆ ಆ ಬೆಳಕು ಯಾವ ಟೊಂಗೆಯದು ಎಂಬುದೇ ಅವನಿಗೆ ತಿಳಿಯದಾಗಿದೆ. ನಿನ್ನೆ ದೇವರು ಅನಿಸಿದ್ದು ಇವತ್ತು ದೆವ್ವ ಅನಿಸುತ್ತಿದೆ. ಊಟ ಸೇರುತ್ತಿಲ್ಲ.

ಅಜ್ಜ ಒಂದು ಶೇಂಗಾ ಒಡೆದರು. ಒಳಗೆ ಬೀಜವಿರಲಿಲ್ಲ. ಸಿಪ್ಪೆಯನ್ನು ಗುಡ್ಡೆಗೆ ಸೇರಿಸಿದರು.

"ನಿನ್ನ ಗಿಡದಾಗ ಒಂದ ಬಟ್ಟಿ ಬಂತಲ್ಲ, ಅದರಿಂದ ಸುರು ಮಾಡೂಣು," ಎಂದರು. "ದೇವರು, ದೆವ್ವ ಎರಡೂ ತುಸು ಕಾಯಲಿ. ಅವಕ್ಕೇನು ಅವಸರಿಲ್ಲ."

ಆಮೇಲೆ ಅಜ್ಜ ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಆ ಸೀಮೆಯಲ್ಲಿ ಯಾರ ಮನೆಯ ಮದುವೆಯಾದರೂ ಅಂತರಪಟ ಅವನ ಮಗ್ಗದಿಂದಲೇ ಬರಬೇಕು. ಮುಹೂರ್ತದವರೆಗೆ ಹೆಣ್ಣು ಗಂಡಿನ ನಡುವೆ ಅಡ್ಡ ಹಿಡಿಯುವ ಬಟ್ಟೆಯೇ ಅಂತರಪಟ. ಅವನ ಅಜ್ಜ ನೇಯುತ್ತಿದ್ದ, ಅಪ್ಪ ನೇಯುತ್ತಿದ್ದ, ಈಗ ಅವನು. ಕೇಳಿ ಬಂದವರಿಗೆ ಇಲ್ಲ ಎನ್ನುವ ಹಾಗಿರಲಿಲ್ಲ.

ಆ ಬಟ್ಟೆಗೆ ಕಟ್ಟಳೆಗಳಿದ್ದವು. ಅಡ್ಡಕ್ಕೆ ಬರುವ ಹೊಕ್ಕಿನ ನೂಲು ಜೋಡಿ ಎಳೆಯದಾಗಿರಬೇಕು, ಆಚೆಗೆ ದೀಪ ಹಿಡಿದರೂ ಈಚೆಗೆ ಕಾಣಬಾರದು. ಆ ಕಾಲದಲ್ಲಿ ಮದುವೆಗೆ ಮೊದಲು ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಬಟ್ಟೆ ಬಿದ್ದಾಗಲೇ ನೋಡಬೇಕು. ಮುಂದೆ ಚಾಚಿ ಹಿಡಿದ ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ ಇರುತ್ತದೆ. ಬಟ್ಟೆ ಬೀಳುತ್ತಲೇ ಒಬ್ಬರ ತಲೆಯ ಮೇಲೆ ಒಬ್ಬರು ಇಡುತ್ತಾರೆ. ಅಲ್ಲಿಗೆ ಮದುವೆ ಮುಗಿಯಿತು. ನೋಡುವುದು ಮೊದಲು, ಒಪ್ಪುವುದು ಆಮೇಲೆ ಎನ್ನಲು ನಡುವೆ ಒಂದು ಉಸಿರಿನಷ್ಟೂ ಜಾಗವಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಮುಹೂರ್ತಕ್ಕೆ ಮೊದಲು ಹೆಣ್ಣಿನ ಸೋದರತ್ತೆ ಕಲಸಿದ ಕುಂಕುಮದಲ್ಲಿ ಅಂಗೈ ಅದ್ದಿ ಬಟ್ಟೆಯ ನಡುಮಧ್ಯಕ್ಕೆ ಒತ್ತಬೇಕು. ದಪ್ಪ ಬಟ್ಟೆಯ ಮೇಲೆ ಐದು ಬೆರಳೂ ಅಚ್ಚೊತ್ತಿದಂತೆ ಮೂಡುತ್ತಿದ್ದವು. ಮದುವೆಯಾದ ಮೇಲೆ ಆ ಬಟ್ಟೆಯನ್ನು ಹೆಣ್ಣು ಗಂಡನ ಮನೆಗೆ ಒಯ್ಯುತ್ತಾಳೆ. ಮೊದಲ ಕೂಸಿಗೆ ಅದರಲ್ಲಿ ತಲೆಗೆ ತೊಡಿಸುವ ಕುಂಚಿಗೆ ಹೊಲಿಯುತ್ತಾರೆ.

ನೇಕಾರನಿಗೆ ಒಬ್ಬ ಅಕ್ಕನಿದ್ದಳು. ಅವಳ ಮದುವೆಯ ಅಂತರಪಟವನ್ನು ಅವರಪ್ಪನೇ ನೇಯ್ದಿದ್ದ. ಕಟ್ಟಳೆಯಂತೆ ಗಟ್ಟಿಯಾಗಿ ನೇಯ್ದಿದ್ದ. ಬಟ್ಟೆ ಬಿದ್ದಾಗ ಅವಳಿಗೆ ಕಂಡದ್ದು ಕುಡಿದು ಕೆಂಪಾದ ಎರಡು ಕಣ್ಣು. ಅಷ್ಟು ಹೊತ್ತಿಗೆ ಅವಳ ಕೈಯಲ್ಲಿದ್ದ ಜೀರಿಗೆ ಬೆಲ್ಲ ಅವನ ತಲೆಯ ಮೇಲಿತ್ತು. ಎರಡು ವರ್ಷ ಹೊಡೆತ ತಿಂದು ತವರಿಗೆ ಬಂದಳು. ಗಂಡ ದೇಶಾಂತರ ಹೋದ. ಎಲ್ಲೋ ಬದುಕಿದ್ದಾನೆ ಎಂಬ ಸುದ್ದಿಯ ಬಲದ ಮೇಲೆ ಅವಳು ಹಣೆಗೆ ಕುಂಕುಮ ಇಡುತ್ತಿದ್ದಳು.

ನೇಕಾರನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಕೂಸನ್ನು ಎತ್ತಿಕೊಂಡವಳು ಈ ಅಕ್ಕನೇ. ಹೆಣ್ಣುಕೂಸು. ಇಬ್ಬರೂ ಸೇರಿ ಅದನ್ನು ಅಂಗೈಯಲ್ಲಿಟ್ಟು ಸಾಕಿದರು. ಅವಳಿಗೆ ಮದುವೆಯ ವಯಸ್ಸು ಬಂತು. ಮೂರು ಹರದಾರಿ ದೂರದ ಊರಿನ ನೂಲು ವ್ಯಾಪಾರಿಯ ಮಗ ಗೊತ್ತಾದ. ನೇಕಾರ ಹೋಗಿ ಹುಡುಗನನ್ನು ನೋಡಿ ಬಂದ. ಶಾಂತ ಮುಖ, ಕಡಿಮೆ ಮಾತು. ಹುಡುಗ ಅವನಿಗೆ ಮನಸ್ಸಿಗೆ ಬಂದ.

ಆದರೂ ಮಗಳ ಅಂತರಪಟಕ್ಕೆ ಮಗ್ಗದಲ್ಲಿ ಹಾಸು ಹೂಡಿದ ದಿನ ಅವನ ಕೈ ಓಡಲಿಲ್ಲ. ಅಕ್ಕನಿಗೂ ಅಪ್ಪ ಹೀಗೇ ಹುಡುಗನನ್ನು ನೋಡಿ ಬಂದಿದ್ದ. ಅಪ್ಪನಿಗೂ ಹುಡುಗ ಮನಸ್ಸಿಗೆ ಬಂದಿದ್ದ. ನೇಕಾರ ಎರಡು ದಿನ ಮಗ್ಗದ ಮುಂದೆ ಸುಮ್ಮನೆ ಕೂತ. ನೇಕಾರರ ಕೈ ಸುಮ್ಮನಿದ್ದರೆ ತಲೆ ನೇಯಲು ಶುರು ಮಾಡುತ್ತದೆ. ಮೂರನೆಯ ದಿನ ಎದ್ದು ಕಟ್ಟಳೆ ಮುರಿದ.

ಅಂಚಿನ ಕಡೆ ಬಟ್ಟೆಯನ್ನು ಎಂದಿನಂತೆ ಗಟ್ಟಿಯಾಗಿ ನೇಯ್ದ. ನಡುವೆ ಮುಖದ ಎತ್ತರಕ್ಕೆ ಬರುವಲ್ಲಿ ಒಂದು ಮೊಳದಷ್ಟು ಜಾಗದಲ್ಲಿ ಒಂಟಿ ಎಳೆ ಹಾಕಿ ಸಡಿಲವಾಗಿ ನೇಯ್ದ. ಪಕ್ಕದಿಂದ ನೋಡಿದವರಿಗೆ ಅದೂ ಬಟ್ಟೆಯೇ. ಎದುರಿಗೆ ನಿಂತವರಿಗೆ ಅದು ಇದ್ದೂ ಇಲ್ಲದ ಹಾಗೆ. ಮಗಳನ್ನು ಕರೆದು ಹೇಳಿದ.

"ತಲಿ ಎತ್ತಿ ನೋಡವ್ವಾ. ಮನಸಿಗೆ ಬಂದ್ರ ಕೈ ಹಂಗ ಹಿಡಿ. ಬರಲಿಲ್ಲಂದ್ರ ಕೈ ಇಳಸು, ಸಾಕು. ಮುಂದಿಂದು ನಾ ನೋಡ್ಕೋತೀನಿ."

ಮಗಳು ಹೂಂ ಅಂದಳು. ಹೆದರಿಕೆಯ ಜೊತೆಗೆ ಅವಳಿಗೆ ಅಪ್ಪನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಊರಿನಲ್ಲಿ ಯಾವ ಹುಡುಗಿಗೂ ಇಂಥ ಅಪ್ಪನಿರಲಿಲ್ಲ.

ಮದುವೆಯ ಬೆಳಿಗ್ಗೆ ಅಕ್ಕ ಮಣೆಯ ಮೇಲೆ ಬಟ್ಟೆ ಹಾಸಿ ಕುಂಕುಮ ಕಲಸಿದಳು. ನಡುವೆ ಮುಟ್ಟಿ ನೋಡಿ ತಮ್ಮನ ಮುಖ ನೋಡಿದಳು. ನೇಕಾರ ತಲೆ ತಗ್ಗಿಸಿದ. ಅವಳಿಗೆ ಎಲ್ಲ ತಿಳಿಯಿತು. ಎಂದಿಗಿಂತ ಹೆಚ್ಚು ಕುಂಕುಮ ತೆಗೆದುಕೊಂಡು, ಎಂದಿಗಿಂತ ಹೆಚ್ಚು ಹೊತ್ತು ಅಂಗೈ ಒತ್ತಿ ಹಿಡಿದಳು. ಈ ಹುಡುಗಿಗೆ ನನ್ನ ಹಾಗಾಗದಿರಲಿ ಎಂದು ದೇವಿಯನ್ನು ಬೇಡಿಕೊಂಡಳು.

ಹಂದರದ ಕೆಳಗೆ ಹೆಣ್ಣು ಗಂಡು ಎದುರುಬದುರು ನಿಂತರು. ಇಬ್ಬರು ಹಿರಿಯರು ಬಟ್ಟೆ ಹಿಡಿದರು. ಪುರೋಹಿತ ಮಂಗಳಾಷ್ಟಕ ಶುರು ಮಾಡಿದ. ನೇಕಾರ ಮಗಳ ಪಕ್ಕದಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದ. ಮಗಳು ತಲೆ ಎತ್ತಿದಳು. ನೋಡಿದಳು. ಅವಳ ಕೈ ಮೆಲ್ಲಗೆ ಕೆಳಗಿಳಿಯಿತು. ಜೀರಿಗೆ ಬೆಲ್ಲ ನೆಲಕ್ಕೆ ಬಿತ್ತು.

ನೇಕಾರ ಕೊಟ್ಟ ಮಾತಿಗೆ ತಪ್ಪುವವನಲ್ಲ. ಕೈ ಎತ್ತಿ ಮಂತ್ರ ನಿಲ್ಲಿಸಿದ. ಈ ಮದುವೆ ಬೇಡ, ತಪ್ಪು ನನ್ನದು, ದೊಡ್ಡವರು ಕ್ಷಮಿಸಬೇಕು ಎಂದು ವ್ಯಾಪಾರಿಯ ಕಾಲಿಗೆ ಬಿದ್ದ. ಕಾರಣ ಹೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಗಂಡಿನ ಕಡೆಯವರು ಬಾಯಿಗೆ ಬಂದಂತೆ ಬೈದರು. ಹುಡುಗ ಮಾತ್ರ ಬಾಸಿಂಗ ಬಿಚ್ಚಿ ಮಣೆಯ ಮೇಲಿಟ್ಟು ಗಾಡಿ ಹತ್ತಿದ. ಬಿದ್ದಿದ್ದ ಬಟ್ಟೆಯನ್ನು ಅಕ್ಕ ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಮತ್ತೆ ಅದನ್ನು ಮುಟ್ಟುವ ಮನಸ್ಸು ಯಾರಿಗೂ ಬರಲಿಲ್ಲ.

ಎಲ್ಲರೂ ಹೋದ ಮೇಲೆ ನೇಕಾರ ಮಗಳನ್ನು ಕೇಳಿದ. ಏನು ಕಂಡಿ?

"ಮಾರಿ ತುಂಬ ಕೆಂಪ ಕಲಿ ಐತೆಪ್ಪಾ ಅವರಿಗೆ," ಎಂದಳು ಮಗಳು. "ಹಣಿಯಿಂದ ಗಲ್ಲದ ತನಕ. ಸುಟ್ಟಂಗ. ನನಗ ಭಾಳ ಹೆದರಿಕಿ ಆತು."

ನೇಕಾರ ಹಾಡುಹಗಲೇ ನೋಡಿದ ಮುಖ ಅದು. ಎದುರಿಗೆ ಕೂತು ಅವನ ಜೊತೆ ಉಂಡಿದ್ದ. ಕಲೆ ಹೋಗಲಿ, ಒಂದು ಮಚ್ಚೆಯೂ ಇರಲಿಲ್ಲ. ಹುಡುಗನನ್ನೇ ಬದಲಾಯಿಸಿದರೋ? ತಾನು ನೋಡಹೋದ ದಿನ ಏನಾದರೂ ಬಳಿದು ಕಲೆ ಮುಚ್ಚಿದ್ದರೋ? ಎಂಟು ದಿನ ಇದನ್ನೇ ಯೋಚಿಸಿದ. ಒಂಬತ್ತನೆಯ ದಿನ ಆ ಊರಿನ ಸಂತೆಗೆ ಹೋಗಿ, ಜನರ ನಡುವೆ ನಿಂತು ನೂಲಿನ ಅಂಗಡಿಯ ಕಡೆ ನೋಡಿದ. ಹುಡುಗ ಬಿಸಿಲಿನಲ್ಲಿ ಕೂತು ನೂಲು ತೂಗುತ್ತಿದ್ದ. ಮುಖ ತೊಳೆದ ತಟ್ಟೆಯ ಹಾಗಿತ್ತು.

ಮನೆಗೆ ಬಂದು ಕಂಡದ್ದನ್ನು ಕಂಡಂತೆ ಹೇಳಿದ. ಮಗಳು ಅಪ್ಪನನ್ನೇ ನೋಡಿದಳು.

"ಹಂಗಾರ ನನ್ನ ಕಣ್ಣು ಸುಳ್ಳೇನಪ್ಪಾ?"

ಹೌದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮಗಳು ಹುಟ್ಟಿದಾಗಿನಿಂದ ಸುಳ್ಳು ಹೇಳಿದವಳಲ್ಲ. ಇಲ್ಲ ಎಂದರೆ ತನ್ನ ಕಣ್ಣು ಸುಳ್ಳಾಗಬೇಕು. ಅವಳು ಕಂಡದ್ದೂ ನಿಜ, ತಾನು ಕಂಡದ್ದೂ ನಿಜ. ಆದರೆ ಒಂದು ಮುಖಕ್ಕೆ ಎರಡು ನಿಜ ಹೇಗೆ ಇದ್ದಾವು? ನೇಯಲು ಕೂತರೆ ಎಳೆ ತಪ್ಪುತ್ತಿತ್ತು. ಊಟಕ್ಕೆ ಕೂತರೆ ಕೈ ಬಾಯಿಗೆ ಹೋಗುವುದನ್ನು ಮರೆಯುತ್ತಿತ್ತು.

ಊರಿಗೆ ಮಾತ್ರ ಇಂಥ ಗೊಂದಲವಿರಲಿಲ್ಲ. ಊರಿನವರು ಎರಡು ಪಂಗಡವಾಗಿ ನಿಶ್ಚಿಂತೆಯಿಂದಿದ್ದರು. ಹುಡುಗಿಗೆ ದೆವ್ವ ಬಡಿದಿದೆ, ಇಲ್ಲದ್ದು ಕಾಣುತ್ತಿದೆ ಎಂದಿತು ಒಂದು ಪಂಗಡ. ಇಲ್ಲ, ಆ ಹುಡುಗನೊಳಗಿನ ಕೇಡನ್ನು ದೇವಿಯೇ ಮುಖದ ಮೇಲೆ ತಂದು ತೋರಿಸಿದಳು ಎಂದಿತು ಇನ್ನೊಂದು. ಮೊದಲಿನವರು ಬಂದು ಅವಳ ರಟ್ಟೆಗೆ ತಾಯಿತ ಕಟ್ಟಿದರು. ಎರಡನೆಯವರು ಬಂದು ಅವಳ ಕಾಲು ಮುಟ್ಟಿ ನಮಸ್ಕರಿಸಿದರು. ಒಮ್ಮೊಮ್ಮೆ ಇಬ್ಬರೂ ಒಂದೇ ಹೊತ್ತಿಗೆ ಬಂದು ಬಾಗಿಲಲ್ಲಿ ಮುಖಾಮುಖಿಯಾಗುತ್ತಿದ್ದರು. ಅಕ್ಕ ದೇವಿಯ ಕಡೆಯವಳು. ತನ್ನ ಬೇಡಿಕೆ ಫಲಿಸಿತು ಎಂದೇ ನಂಬಿದ್ದಳು. ಹುಡುಗಿ ಒಂದು ದಿನ ದೇವಿಯನ್ನು ನಂಬಿದರೆ ಮರುದಿನ ದೆವ್ವವನ್ನು ನಂಬುತ್ತಿದ್ದಳು. ಮೂರನೆಯ ದಿನ ಒಬ್ಬಳೇ ಕೂತು ಅಳುತ್ತಿದ್ದಳು. ಅವಳನ್ನು ಕೇಳಿಕೊಂಡು ಬೇರೆ ಯಾರೂ ಬರಲಿಲ್ಲ. ದೆವ್ವ ಮೆಟ್ಟಿದವಳು ಯಾರಿಗೆ ಬೇಕು? ದೇವಿ ಮೈಮೇಲೆ ಬರುವವಳೂ ಮನೆಯ ಸೊಸೆಯಾಗಿ ಯಾರಿಗೆ ಬೇಕು?

ಹೀಗೆ ಏಳು ತಿಂಗಳು ಕಳೆದವು. ಒಂದು ದಿನ ನೂಲು ವ್ಯಾಪಾರಿಯ ಕಡೆಯ ಆಳು ಬಂದು ಅಂಗಳದಲ್ಲಿ ನಿಂತ. ಹುಡುಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿದೆ, ಇನ್ನು ಆರು ದಿನಕ್ಕೆ ಮದುವೆ, ಪದ್ಧತಿಯಂತೆ ಅಂತರಪಟ ನೀವೇ ನೇಯ್ದು ಕೊಡಬೇಕು ಎಂದ. ಹೇಳಲು ಅವನಿಗೇ ಸಂಕೋಚವಾಗುತ್ತಿತ್ತು. ನೇಕಾರ ಆಗಲಿ ಅಂದ. ಇಲ್ಲ ಎನ್ನುವ ಹಾಗಿರಲಿಲ್ಲವಲ್ಲ.

ಮಗಳ ಮದುವೆ ನಿಂತ ಮೇಲೆ ಮದುವೆಯ ಕಾಲ ಮುಗಿದಿದ್ದರಿಂದ ಅವನು ಅಂತರಪಟ ನೇಯ್ದಿರಲಿಲ್ಲ. ಅಳತೆ ಕೈತಪ್ಪಿತ್ತು. ಅಳತೆಗೆಂದು ಪೆಟ್ಟಿಗೆಯ ತಳದಿಂದ ಹಳೆಯ ಬಟ್ಟೆ ತೆಗೆದ. ಬಾಗಿಲಿಗೆ ಬಂದು ಎರಡೂ ಕೈಯಲ್ಲಿ ಬಿಡಿಸಿ ಬಿಸಿಲಿಗೆ ಹಿಡಿದ. ಅಂಗಳದಲ್ಲಿ ಮಗಳು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ಬಟ್ಟೆಯ ನಡುವಿನಿಂದ ಅವಳ ಮುಖ ಕಾಣಿಸಿತು. ಮುಖ ತುಂಬ ಕೆಂಪು ಕಲೆ, ಹಣೆಯಿಂದ ಗಲ್ಲದವರೆಗೆ.

ನೇಕಾರ ಬಟ್ಟೆ ಇಳಿಸಿದ. ಕಲೆ ಇಲ್ಲ. ಎತ್ತಿದ. ಇದೆ. ಇಳಿಸಿದ. ಇಲ್ಲ. ಅಪ್ಪನಿಗೆ ಏನೋ ಆಗಿದೆ ಎಂದು ಮಗಳು ಎದ್ದು ಓಡಿಬಂದಳು. ಅವನು ಬಟ್ಟೆಯನ್ನು ಅವಳ ಕೈಗೆ ಕೊಟ್ಟು, ತಾನು ಅಂಗಳಕ್ಕೆ ಹೋಗಿ ಅವಳು ಕೂತಿದ್ದ ಜಾಗದಲ್ಲಿ ಕೂತ. ನೋಡು ಅಂದ. ಮಗಳು ಬಟ್ಟೆಯ ಹಿಂದಿನಿಂದ ಅಪ್ಪನ ಮುಖ ನೋಡಿದಳು. ಬಹಳ ಹೊತ್ತು ಬಟ್ಟೆ ಇಳಿಸಲಿಲ್ಲ.

ದಪ್ಪ ಬಟ್ಟೆಯ ಮೇಲೆ ಅಚ್ಚಾಗಿ ನಿಲ್ಲುತ್ತಿದ್ದ ಅಂಗೈ, ಸಡಿಲ ಎಳೆಗಳಲ್ಲಿ ಹರಡಿ ಗುರುತು ಸಿಗದ ಕೆಂಪಾಗಿತ್ತು. ದಪ್ಪ ಬಟ್ಟೆಯಾಗಿದ್ದರೆ ಅದು ಬಟ್ಟೆಯ ಮೇಲಿನ ಕುಂಕುಮ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಬಟ್ಟೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿದ್ದರಿಂದ ಅದರ ಮೇಲಿನದು ಆಚೆಯವನ ಮುಖದ ಮೇಲೆ ಹೋಗಿ ಕೂತಿತ್ತು. ಅಕ್ಕ ಹೊರಗೆ ಬಂದಳು. ಅವಳಿಗೂ ತೋರಿಸಿದರು. ಅವಳು ಕಲೆಯ ಮೇಲೆ ತನ್ನ ಅಂಗೈ ಇಟ್ಟು ನೋಡಿದಳು. ಆಮೇಲೆ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದಳು.

ನೇಕಾರ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕಾಲಿಗೆ ಕೆರ ಮೆಟ್ಟಿದ. ಇನ್ನೂ ಆರು ದಿನವಿದೆ ಎಂಬುದೊಂದೇ ಅವನ ತಲೆಯಲ್ಲಿತ್ತು. ಮಗಳು ಬೇಡ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಬಾಗಿಲವರೆಗೆ ಬಂದು ನಿಂತಳು.

ಹುಡುಗ ಅಂಗಡಿಯಲ್ಲಿ ಒಬ್ಬನೇ ಇದ್ದ. ಎದ್ದು ಚಾಪೆ ಹಾಸಿದ, ನೀರು ಕೊಟ್ಟ. ಮಾವ ಎನ್ನಬೇಕಾಗಿದ್ದವನು ಕಾಕಾ ಎಂದು ಕರೆದ. ನೇಕಾರ ಬಟ್ಟೆ ಬಿಡಿಸಿ ಎಲ್ಲ ಹೇಳಿದ. ಹೇಳುತ್ತ ಹೇಳುತ್ತ ಅಳು ಬಂತು, ಅದನ್ನು ತಡೆಯಲಿಲ್ಲ. ಹುಡುಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಮಡಚಿ ತೊಡೆಯ ಮೇಲಿಟ್ಟುಕೊಂಡ.

"ನನಗೂ ಕಂಡಿತ್ತು ಕಾಕಾ," ಎಂದ. "ಅಕಿ ಮಾರಿ ಮ್ಯಾಲೆ. ಇಷ್ಟೇ ದೊಡ್ಡ ಕಲಿ. ಈಗ ನೀವು ಹೇಳೂ ತನಕ ಅದು ಅಕಿದ ಅಂತ ತಿಳ್ಕೊಂಡಿದ್ದೆ. ನಾ ನೋಡಿಬಿಟ್ಟೆ ಅಂತ ನಾಚಿ ಕೈ ಇಳಸಿದ್ಲು ಅನಕೊಂಡೆ. ಹುಡುಗಿ ಹೆಸರು ಕೆಡಬಾರದಂತ ಮನ್ಯಾಗೂ ಹೇಳಲಿಲ್ಲ."

ನೇಕಾರನಿಗೆ ಏನೂ ತಿಳಿಯಲಿಲ್ಲ. ಹುಡುಗಿಗೆ ಕಂಡದ್ದೇ ಹುಡುಗನಿಗೂ ಕಂಡಿತ್ತು. ಆದರೆ ಅವತ್ತು ಬಟ್ಟೆಯಾಚೆ ಅವನ ಕೈ ಮೇಲೇ ಇತ್ತು. ಅದನ್ನು ಮಂತ್ರ ನಿಲ್ಲಿಸುವಾಗ ನೇಕಾರ ಪಕ್ಕದಿಂದ ಕಣ್ಣಾರೆ ನೋಡಿದ್ದ.

"ಮತ್ತ ನೀ ಯಾಕ ಕೈ ಇಳಸಲಿಲ್ಲಪಾ?"

ಹುಡುಗ ಈ ಪ್ರಶ್ನೆಯನ್ನು ಎಂದೂ ಕೇಳಿಕೊಂಡವನಂತೆ ಕಾಣಲಿಲ್ಲ.

"ಕೈ ಚಾಚಿ ಆಗಿತ್ತಲ್ರೀ," ಎಂದ.

ಆ ಕೈಯಲ್ಲಿ ಈಗ ಅರಿಶಿನದ ಕಂಕಣವಿತ್ತು. ನೇಕಾರ ಅದನ್ನು ಆಗ ನೋಡಿದ. ಹುಡುಗನೂ ತನ್ನ ಕಂಕಣವನ್ನು ನೋಡಿಕೊಂಡ. ಅವನ ಕಣ್ಣು ತುಂಬಿತು. ಈಗ ಈ ಕೈ ಇನ್ನೊಬ್ಬಳ ಕಡೆ ಚಾಚಿದೆ, ಇದನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಎಂದ. ನೇಕಾರ ತಲೆಯಾಡಿಸಿದ. ಆ ಕೈ ಹಿಂದಕ್ಕೆ ಬರುವಂಥದ್ದಾಗಿದ್ದರೆ ಅದು ಮಗಳಿಗೆ ತಕ್ಕ ಕೈಯೇ ಆಗುತ್ತಿರಲಿಲ್ಲ ಎಂದು ಅವನಿಗೂ ಈಗ ಗೊತ್ತಾಗಿತ್ತು.

ಮನೆಗೆ ಬಂದಾಗ ಮಗಳು ಇನ್ನೂ ಬಾಗಿಲಲ್ಲೇ ಇದ್ದಳು. ನೇಕಾರ ಒಂದು ಮಾತನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡಳು. ಒಳಗೆ ಹೋಗಿ ಮುಖ ತೊಳೆದು ಬಂದು ಕಂಡಿಕೆ ಸುತ್ತಲು ಕೂತಳು. ಆ ಮದುವೆಯ ಅಂತರಪಟಕ್ಕೆ ಬೇಕಾದ ನೂಲನ್ನೆಲ್ಲ ಅವಳೇ ಸುತ್ತಿಕೊಟ್ಟಳು. ಎಲ್ಲವೂ ಜೋಡಿ ಎಳೆ. ನೇಕಾರ ಅಂಚಿನಿಂದ ಅಂಚಿಗೆ ಗಟ್ಟಿಯಾಗಿ ನೇಯ್ದ. ನಾಲ್ಕನೆಯ ದಿನ ಬಟ್ಟೆ ಮಗ್ಗದಿಂದ ಇಳಿಯಿತು. ಆಚೆಗೆ ದೀಪ ಹಿಡಿದು ನೋಡಿದರು. ಈಚೆಗೆ ಏನೂ ಕಾಣಲಿಲ್ಲ.

ಅಜ್ಜ ಇಲ್ಲಿಗೆ ನಿಲ್ಲಿಸಿದರು. ಶೇಂಗಾ ಮುಗಿದಿತ್ತು. ಸಿಪ್ಪೆಯನ್ನು ಪಂಚೆಯ ಮೇಲಿಂದ ಕೊಡವಿಕೊಂಡರು.

ನಿರುಪಾದಿ ಮೊದಲು ನೇಕಾರನ ಮಗಳ ಬಗ್ಗೆ ಯೋಚಿಸಿದ. ಆಮೇಲೆ ಆ ಹುಡುಗನ ಕೈಯ ಬಗ್ಗೆ ಯೋಚಿಸಿದ. ಆಮೇಲೆ ಮಕ್ಕಳಿಗೆ ಬಡಿಸುತ್ತ ನಿಂತಿದ್ದ ನೀಲಮ್ಮ ನೆನಪಾದಳು. ಹದಿನಾರು ವರ್ಷದ ಹಿಂದೆ ಅವಳ ತಲೆಯ ಮೇಲೆ ತಾನು ಜೀರಿಗೆ ಬೆಲ್ಲ ಇಟ್ಟದ್ದು ನೆನಪಾಯಿತು. ಮೂರು ತಿಂಗಳ ಗೊಂದಲ ಒಮ್ಮೆಲೇ ಕರಗಿದಂತಾಯಿತು. ಅವನು ಕಿಸೆಯಿಂದ ರಾಜೀನಾಮೆಯ ಕಾಗದ ತೆಗೆದು ಎರಡಾಗಿ ಹರಿದ.

"ತಿಳೀತ್ರಿ ಅಜ್ಜಾರ," ಎಂದ. "ನಾ ಕಂಡ ಬೆಳಕು ದೇವರೂ ಅಲ್ಲ, ದೆವ್ವನೂ ಅಲ್ಲ. ನನ್ನ ಬಟ್ಟಿ ಮ್ಯಾಲಿನ ಕಲಿ ಅದು. ಇಷ್ಟ ದಿನ ನನಗ ಗೊತ್ತಾಗಿದ್ದಿಲ್ಲ. ಈಗ ನೋಡ್ರಿ, ನಡುವ ಏನೂ ಇಲ್ಲದಂಗ ಎಲ್ಲಾ ನಿಚ್ಚಳ ಕಾಣಾಕತ್ತೈತಿ."

ಅಜ್ಜ ಅವನ ಮುಖವನ್ನೇ ನೋಡಿದರು.

"ಹಂಗಾರ ಬಟ್ಟಿ ಇನ್ನಷ್ಟು ತೆಳ್ಳಗಾತು, ಅಷ್ಟ."